ಖಾಲಿ ಈಜುಕೊಳದ ರೆಕಾರ್ಡು

ಹಿಂದಿನ ಲಾರಿ ಎಷ್ಟು ಹೊತ್ತಿನಿಂದ ಹಾರ್ನ್ ಹೊಡೆಯುತ್ತಿತ್ತೋ ಅವಳಿಗೆ ಗೊತ್ತೇ ಆಗಲಿಲ್ಲ. ಡ್ರೈವಿಂಗ್ ಕಲಿಯಲು ಬಂದು ಸ್ಟಿಯರಿಂಗ್ ಹಿಡಿದಿದ್ದ ಬ್ಯಾಂಕ್ ಗುಮಾಸ್ತ ಮುಖ ಬಿಳಿಚಿಕೊಂಡು ಇವಳತ್ತ ತಿರುಗಿದಾಗಲೇ ಕನ್ನಡಿ ನೋಡಿದ್ದು. ಲಾರಿ ಮೈಮೇಲೆ ಬಂದುಬಿಟ್ಟಿತ್ತು. ಪಕ್ಕದಿಂದಲೇ ಕೈ ಚಾಚಿ ಸ್ಟಿಯರಿಂಗನ್ನು ಎಳೆದು ಕಾರನ್ನು ರಸ್ತೆಯ ಅಂಚಿಗೆ ತಂದು ನಿಲ್ಲಿಸಿದಳು. ಗುಮಾಸ್ತ ಏನೋ ಹೇಳಿದ. ತುಟಿ ಅಲುಗಿದ್ದು ಕಾಣಿಸಿತು, ಮಾತು ಗೋಣಿಚೀಲದೊಳಗಿಂದ ಬಂದಂತಿತ್ತು. ಅವಳು ಸುಮ್ಮನೆ ತಲೆಯಾಡಿಸಿ, ಇವತ್ತಿಗೆ ಸಾಕು ಅಂದಳು.

ಅವಳು ಕಲಿಸುತ್ತಿದ್ದ ಡ್ರೈವಿಂಗ್ ಸ್ಕೂಲಿನಲ್ಲಿ ಅವಳನ್ನು ಎಲ್ಲರೂ ಕ್ಲಚ್ಚಕ್ಕ ಅನ್ನುತ್ತಿದ್ದರು. ಇಂಜಿನ್ನಿನ ಸದ್ದು ಒಂದಿಷ್ಟು ಏರುಪೇರಾದರೂ ಸಾಕು, ಕಿಟಕಿಯಾಚೆ ನೋಡುತ್ತಲೇ "ಕ್ಲಚ್ಚು" ಅನ್ನುವವಳು. ಬಲಗಿವಿ ಎರಡು ವರ್ಷದ ಹಿಂದೆಯೇ ಕೈಕೊಟ್ಟಿತ್ತು. ಕೇಳಿಸುವ ನರದ ಮೇಲೆ ಗಡ್ಡೆ. ಈಗ ಎಡಗಡೆಯೂ ಅದೇ. ತೆಗೆಯದೆ ಬಿಟ್ಟರೆ ಜೀವಕ್ಕೆ ಅಪಾಯ, ತೆಗೆದರೆ ನರವೂ ಹೋಗುತ್ತದೆ ಎಂದು ಡಾಕ್ಟರು ಕಾಗದದ ಮೇಲೆ ಬರೆದು ತೋರಿಸಿದ್ದರು. ಬರುವ ಗುರುವಾರ ಆಪರೇಷನ್.

ಮನೆಗೆ ಬಂದು ಬಾಗಿಲು ಹಾಕಿಕೊಂಡು ಫೋನಿನಲ್ಲಿ ಹಾಡು ಹಾಕಿದಳು. ಉಳಿದಿರುವಷ್ಟು ದಿನ ಏನು ಕೇಳಬೇಕು ಎಂಬುದರಲ್ಲಿ ಅವಳಿಗೆ ಗೊಂದಲವಿರಲಿಲ್ಲ. ಅಣ್ಣನ ಮೂರು ರಾಕ್ ಆಲ್ಬಂಗಳು, ಅಷ್ಟೇ.

ಅಣ್ಣ ಅಂಗಡಿಗಳಿಗೆ ಬೋರ್ಡು ಬರೆಯುವವನು. ಹಳೆ ಸಾಮಾನಿನ ಅಂಗಡಿಯಲ್ಲಿ ಆ ರೆಕಾರ್ಡುಗಳನ್ನು ಅವನು ಕೊಂಡಿದ್ದೇ ಹೊದಿಕೆಯ ಚಿತ್ರಕ್ಕಾಗಿ. ಆಗ ಮನೆಯಲ್ಲಿ ಪ್ಲೇಯರೇ ಇರಲಿಲ್ಲ. ಒಂದರ ಮೇಲೆ ತೊಯ್ದು ತೊಪ್ಪೆಯಾದ ನಾಯಿ, ಇನ್ನೊಂದರ ಮೇಲೆ ಹಳದಿ ಗೋಡೆಯ ಮುಂದೆ ಒಂಟಿ ಕುರ್ಚಿ, ಮೂರನೆಯದರ ಮೇಲೆ ನೀರಿಲ್ಲದ ಈಜುಕೊಳ. ಅಣ್ಣ ತಂಗಿ ಇಬ್ಬರೂ ಅವನ್ನು ನೆಲದ ಮೇಲೆ ಹರಡಿಕೊಂಡು, ಒಳಗೆ ಹಾಡು ಹೇಗಿರಬಹುದು ಎಂದು ಒಂದಿಡೀ ಬೇಸಿಗೆ ಊಹಿಸುತ್ತಾ ಕಳೆದಿದ್ದರು. ಕೊನೆಗೆ ಯಾರೋ ಬಿಸಾಡಿದ ಪ್ಲೇಯರೊಂದನ್ನು ಅಣ್ಣ ಹೊತ್ತು ತಂದು ರಿಪೇರಿ ಮಾಡಿದಾಗ, ಊಹಿಸಿದ್ದೆಲ್ಲ ತಲೆಕೆಳಗಾಯಿತು. ನಾಯಿಯ ರೆಕಾರ್ಡಿನಲ್ಲಿ ಗಿಟಾರು ತಗಡು ಹರಿದಂತೆ ಕಿರುಚಿತು. ಅವಳು ಕಿವಿ ಮುಚ್ಚಿಕೊಂಡಳು, ಮರುದಿನ ತಾನೇ ಹಾಕೆಂದು ದುಂಬಾಲು ಬಿದ್ದಳು. ಸದ್ದು ಇಂಪಾಗಿಯೇ ಇರಬೇಕಿಲ್ಲ ಎಂದು ಕಲಿಸಿದ್ದು ಆ ನಾಯಿ. ಕುರ್ಚಿಯ ರೆಕಾರ್ಡಿನ ಹೆಂಗಸಿನದು ಒಡಕು ಗಂಟಲು. ಒಡೆಯುವ ಜಾಗದಲ್ಲೇ ಅವಳು ನಿಲ್ಲದೆ ಮೇಲೇರುತ್ತಿದ್ದಳು. ಅದಾದ ಮೇಲೆ ನಯವಾಗಿ ಹಾಡುವ ಯಾರೂ ಇವಳಿಗೆ ರುಚಿಸಲಿಲ್ಲ. ಈಜುಕೊಳದ್ದು ಒಂದಿಡೀ ಮಗ್ಗುಲಿಗೆ ಒಂದೇ ಹಾಡು. ಡ್ರಮ್ಮು ಬರುವ ಹೊತ್ತಿಗೆ ಅಣ್ಣನ ಕೈಯಲ್ಲಿದ್ದ ಟೀ ಆರಿಹೋಗಿರುತ್ತಿತ್ತು. ಹಾಡಿನ ಮಾತು ಇಬ್ಬರಿಗೂ ಒಂದಕ್ಷರ ತಿಳಿಯುತ್ತಿರಲಿಲ್ಲ.

ಫೋನಿನಲ್ಲಿ ಮೂರೂ ಸಿಕ್ಕವು, ಆದರೆ ಯಾವುದೂ ತನ್ನದೆನ್ನಿಸಲಿಲ್ಲ. ಈಜುಕೊಳದ ಹಾಡಿನ ನಡುವೆ ಅವರ ಮನೆಯ ರೆಕಾರ್ಡಿನಲ್ಲೊಂದು ಗೀರಿತ್ತು. ಅಲ್ಲಿಗೆ ಬಂದ ಪ್ಲೇಯರಿನ ಮುಳ್ಳು ಸಿಕ್ಕಿಕೊಂಡು, ಅಣ್ಣ ಎದ್ದು ಅದನ್ನು ಎತ್ತುವ ತನಕ ಡ್ರಮ್ಮಿನ ಅದೇ ತುಂಡು ಮತ್ತೆ ಮತ್ತೆ ಬರುತ್ತಿತ್ತು. ಫೋನಿನ ಹಾಡು ಆ ಜಾಗವನ್ನು ಏನೂ ಆಗಿಲ್ಲವೆಂಬಂತೆ ದಾಟಿಹೋಯಿತು. ಮತ್ತೆ ಹಾಕಿದಳು, ಮತ್ತೆ ದಾಟಿಹೋಯಿತು. ತನ್ನ ಹಾಡನ್ನು ಯಾರೋ ತೊಳೆದು ಒಣಹಾಕಿದಂತಿತ್ತು. ಫೋನನ್ನು ಹಾಸಿಗೆಯ ಮೇಲೆಸೆದು ತಲೆ ಹಿಡಿದುಕೊಂಡು ಕೂತಳು. ಆಮೇಲೆ ಚಪ್ಪಲಿ ಮೆಟ್ಟಿಕೊಂಡು ಅತ್ತಿಗೆಯ ಮನೆಗೆ ಹೊರಟಳು.

ಅಣ್ಣ ಏಣಿಯಿಂದ ಬಿದ್ದು ಸತ್ತು ನಾಲ್ಕು ವರ್ಷವಾಗಿತ್ತು. ಅತ್ತಿಗೆ ವೃದ್ಧಾಶ್ರಮದಲ್ಲಿ ರಾತ್ರಿ ಪಾಳಿಯ ನರ್ಸು. ಹಗಲು ಅವಳು ಮಲಗಿದ್ದಾಗಲೇ ಗೋಡೆಯ ಈಚೆ ಅಣ್ಣತಂಗಿಯರ ಗದ್ದಲ ನಡೆಯುತ್ತಿತ್ತು. ಅಣ್ಣ ಸತ್ತ ತಿಂಗಳಲ್ಲೇ ಅತ್ತಿಗೆ ಪ್ಲೇಯರು, ರೆಕಾರ್ಡು ಎಲ್ಲ ಸಾಗಹಾಕಿದ್ದಳು. ಕ್ಲಚ್ಚಕ್ಕ ಬೀದಿಯಲ್ಲೇ ನಿಂತು ಬಾಯಿಗೆ ಬಂದಂತೆ ಅಂದು ಹೋದವಳು ಮತ್ತೆ ಆ ಹೊಸ್ತಿಲು ತುಳಿದಿರಲಿಲ್ಲ.

ಬಾಗಿಲು ತೆರೆದ ಅತ್ತಿಗೆಯ ಕಣ್ಣುಗಳು ನಿದ್ದೆಗೆಟ್ಟು ಕೆಂಪಾಗಿದ್ದವು. ಕ್ಲಚ್ಚಕ್ಕ ಒಳಗೆ ಹೋಗಿ ಕೂರುವ ಮುಂಚೆಯೇ ಗಡ್ಡೆ, ಗುರುವಾರ ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿ, ಆ ರೆಕಾರ್ಡನ್ನು ಯಾರಿಗೆ ಕೊಟ್ಟಿದ್ದೆಂದು ಕೇಳಿದಳು. ಎಲ್ಲಿದ್ದರೂ ಹುಡುಕಿ ತರುತ್ತೇನೆ, ಹೆಸರು ಹೇಳಿದರೆ ಸಾಕು ಅಂದಳು.

ಅತ್ತಿಗೆ ಕುರ್ಚಿ ಎಳೆದುಕೊಂಡು ಅವಳ ಎಡಗಿವಿಯ ಪಕ್ಕ ಕೂತಳು. ಕಿವುಡರ ಜೊತೆ ಮಾತಾಡಿ ಅಭ್ಯಾಸವಿದ್ದವಳು, ಕಿರುಚಲಿಲ್ಲ.

"ಯಾರಿಗೂ ಕೊಡ್ಲಿಲ್ಲ. ನಾನೇ ಮುರಿದು ಹಾಕ್ದೆ."

ಕ್ಲಚ್ಚಕ್ಕನಿಗೆ ಮೊದಲು ತಾನೇ ತಪ್ಪಾಗಿ ಕೇಳಿಸಿಕೊಂಡೆ ಅನ್ನಿಸಿತು. ಅತ್ತಿಗೆಯ ಮುಖ ನೋಡಿದಳು. ತಪ್ಪಾಗಿ ಕೇಳಿಸಿರಲಿಲ್ಲ.

"ಅಷ್ಟು ಹೊಟ್ಟೆಕಿಚ್ಚಾ ಅತ್ತಿಗೆ ನಿಮಗೆ?"

"ಅವನು ಹೋದ್ಮೇಲೆ ಡ್ಯೂಟಿ ಮುಗಿಸ್ಕೊಂಡು ಬಂದು ಮಲಗ್ತಿದ್ದೆ. ಗೋಡೆ ಆಚೆ ಸದ್ದೇ ಇಲ್ಲ. ರೆಕಾರ್ಡು ಅಲ್ಲೇ ಇದೆಯಲ್ಲ, ಈಗ ಹಾಕ್ತಾನೆ, ಈಗ ಹಾಕ್ತಾನೆ ಅಂತ ಕಾಯ್ತಾ ಕಣ್ಣೇ ಮುಚ್ತಿರ್ಲಿಲ್ಲ. ಒಂದಿನ ತಲೆ ಕೆಟ್ಟುಹೋಯ್ತು." ಅತ್ತಿಗೆ ಸೀರೆಯ ಸೆರಗನ್ನು ಬೆರಳಿಗೆ ಸುತ್ತಿದಳು. "ಮುರಿದ ಮೇಲೂ ನಿದ್ದೆ ಬರ್ಲಿಲ್ಲ, ಬಿಡು."

ಕ್ಲಚ್ಚಕ್ಕ ಎದ್ದಳು. ಎದ್ದವಳಿಗೆ ಎಲ್ಲಿಗೆ ಹೋಗಬೇಕೆಂದು ತೋಚಲಿಲ್ಲ. ಇನ್ನು ಹುಡುಕುವುದಕ್ಕೆ ಯಾವ ಅಂಗಡಿಯೂ ಇರಲಿಲ್ಲ. ಮತ್ತೆ ಅದೇ ಕುರ್ಚಿಯಲ್ಲಿ ಕೂತಳು. ಅತ್ತಿಗೆ ಅವಳ ಕೈಯಿಂದ ಫೋನು ತೆಗೆದುಕೊಂಡು, ಈಜುಕೊಳದ ಹಾಡು ಯಾವುದೆಂದು ಸನ್ನೆಯಲ್ಲೇ ಕೇಳಿ, ಹಾಡು ಹಚ್ಚಿ, ಸದ್ದು ಜೋರಾಗಲೆಂದು ಫೋನನ್ನು ಒಂದು ಪಾತ್ರೆಯೊಳಗೆ ನಿಲ್ಲಿಸಿದಳು. ಕ್ಲಚ್ಚಕ್ಕ ಮೇಜಿನ ಮೇಲೆ ತಲೆಯಿಟ್ಟು ಎಡಗಿವಿಯನ್ನು ಪಾತ್ರೆಗೆ ಆನಿಸಿದಳು.

ಹಾಡು ನಿಧಾನವಾಗಿ ಏರಿತು. ಮೇಲಿನ ಸ್ವರಗಳು ಎಲ್ಲೋ ಉದುರಿಹೋಗಿದ್ದವು, ತಳದ ಗುಡುಗಷ್ಟೇ ಉಳಿದಿತ್ತು. ಡ್ರಮ್ಮು ಬಂತು. ಗೀರಿನ ಜಾಗ ಹತ್ತಿರವಾಗುತ್ತಿದ್ದಂತೆ ಅವಳು ಕಣ್ಣು ಬಿಗಿಯಾಗಿ ಮುಚ್ಚಿಕೊಂಡಳು.

ಆಗ ಮೇಜು ಅದುರಿತು. ಅತ್ತಿಗೆ ಬೆರಳಗೆಣ್ಣುಗಳಿಂದ ಬಾರಿಸುತ್ತಿದ್ದಳು. ಫೋನಿನ ಹಾಡು ಮುಂದೆ ಹೋಯಿತು, ಅತ್ತಿಗೆ ಹೋಗಲಿಲ್ಲ. ಅದೇ ತುಂಡು, ಅದೇ ಜಾಗ, ಮತ್ತೆ ಮತ್ತೆ, ಒಂದು ಪೆಟ್ಟೂ ಆಚೀಚೆಯಾಗದೆ. ಪೆಟ್ಟು ಮೇಜಿನ ಮರದಿಂದ ದವಡೆಗೆ, ದವಡೆಯಿಂದ ತಲೆಗೆ ಏರಿತು. ಕ್ಲಚ್ಚಕ್ಕ ಕಣ್ಣು ತೆರೆದು ಅತ್ತಿಗೆಯ ಬಾಯನ್ನೇ ನೋಡಿದಳು.

"ಈಗ ಏಳ್ತಾನೆ ನಿಮ್ಮಣ್ಣ," ಅಂದಳು ಅತ್ತಿಗೆ, ಕೈ ನಿಲ್ಲಿಸದೆ. "ಏಳೋವಾಗ ಮೊಣಕಾಲು ಲಟಕ್ ಅನ್ನತ್ತೆ. ನಾಲ್ಕು ಹೆಜ್ಜೆ. ಕೆಮ್ತಾನೆ." ಮತ್ತೂ ಎರಡು ಪೆಟ್ಟು ಹಾಕಿ ಕೈಯನ್ನು ಗಾಳಿಯಲ್ಲಿ ಎತ್ತಿ ಹಿಡಿದಳು. "ಎತ್ತಿದ."

ಆ ಮೊಣಕಾಲು, ಆ ಕೆಮ್ಮು ಕ್ಲಚ್ಚಕ್ಕನಿಗೆ ಒಂದು ದಿನವೂ ಕೇಳಿಸಿರಲಿಲ್ಲ. ಅವಳು ಹಾಡನ್ನಷ್ಟೇ ಕೇಳುತ್ತಿದ್ದಳು. ಮೇಜಿನ ಮೇಲಿಂದ ತಲೆಯೆತ್ತಲಾರದೆ ಬಿಕ್ಕಿ ಬಿಕ್ಕಿ ಅತ್ತಳು. ಇನ್ನೊಂದು ಸಲ ಅಂದಳು. ಅತ್ತಿಗೆಯ ಗೆಣ್ಣು ಕೆಂಪಾಗುವ ತನಕ ಇನ್ನೊಂದು ಸಲ, ಇನ್ನೊಂದು ಸಲ ಅನ್ನುತ್ತಲೇ ಇದ್ದಳು.

ಗುರುವಾರ ಆಪರೇಷನ್ ಆಯಿತು. ಎಚ್ಚರವಾದಾಗ ತಲೆಯೊಳಗೆ ಒಂದೇ ಸಮನೆ ಮೊರೆತ, ಅದರಾಚೆ ಏನೂ ಇಲ್ಲ. ನಾಯಿಯ ರೆಕಾರ್ಡನ್ನು ನೆನಪಿಸಿಕೊಳ್ಳಲು ನೋಡಿದಳು, ಮೊರೆತ ಅದನ್ನು ನುಂಗಿತು. ಒಡಕು ಗಂಟಲಿನ ಹೆಂಗಸು ಬಾಯಿ ತೆರೆದಳು, ದನಿ ಬರಲಿಲ್ಲ. ಹೆದರಿಕೆಯಿಂದ ಬಾಯಿಬಿಟ್ಟು ಕೂಗಿದಳೋ ಇಲ್ಲವೋ ಅವಳಿಗೇ ತಿಳಿಯಲಿಲ್ಲ. ಯಾರೂ ಓಡಿ ಬರಲಿಲ್ಲವಾದ್ದರಿಂದ ಕೂಗಿರಲಿಕ್ಕಿಲ್ಲ ಅಂದುಕೊಂಡಳು.

ಬೆಳಿಗ್ಗೆ ಪಾಳಿ ಮುಗಿಸಿದ ಅತ್ತಿಗೆ ಅದೇ ಬಟ್ಟೆಯಲ್ಲಿ ಬಂದಳು. ಹೊದಿಕೆ ಸರಿಪಡಿಸಿದಳು, ಹಣೆ ಮುಟ್ಟಿ ನೋಡಿದಳು. ಕುರ್ಚಿಯಲ್ಲಿ ಕೂತು ಐದು ನಿಮಿಷವಾಗಿತ್ತೋ ಇಲ್ಲವೋ, ತಲೆ ಗೋಡೆಗೆ ವಾಲಿ, ಬಾಯಿ ಅರೆತೆರೆಯಿತು. ಪಕ್ಕದ ಹಾಸಿಗೆಯ ಮುದುಕಿ ಸಿಡುಕಿನಿಂದ ಇತ್ತ ತಿರುಗಿ ನೋಡಿ, ದಿಂಬನ್ನೆತ್ತಿ ಎರಡೂ ಕಿವಿಗೆ ಒತ್ತಿಕೊಂಡಳು. ಕ್ಲಚ್ಚಕ್ಕ ಮುದುಕಿಯನ್ನೊಮ್ಮೆ ನೋಡಿದಳು, ಗೊರಕೆ ಅಂದುಕೊಂಡಳು. ಆಮೇಲೆ ಅತ್ತಿಗೆಯ ಎದೆ ಏರುವುದನ್ನು, ಒಂದು ಗಳಿಗೆ ತಡೆದು ಇಳಿಯುವುದನ್ನು ನೋಡುತ್ತಾ ಮಲಗಿದಳು.