ಗಾಳಿಗೆ ಎದೆಯೊಡ್ಡಿದ ಗಾಡಿ

ಕಾರು ಕೊಂಡ ಮೊದಲ ಭಾನುವಾರವೇ ಸಂಗಮೇಶನಿಗೆ ಅದರಲ್ಲಿ ಇನ್ನೂ ಯಾರೋ ಇದ್ದಾರೆಂಬ ಅನುಮಾನ ಹುಟ್ಟಿತು. ತಾಂಡೂರಿನ ಸಿಮೆಂಟ್ ಕಾರ್ಖಾನೆಯಲ್ಲಿ ನೌಕರಿ ಮಾಡುವ ಅವನು ನಾರಾಯಣಖೇಡದ ಜಾನಕಿಬಾಯಿಯಿಂದ ಜೀಪಿನಂಥ ಹಳೆಯ ಕಾರೊಂದನ್ನು ಕೊಂಡಿದ್ದ. ಟ್ರಂಕಿನ ಹಾಗೆ ಚೌಕ ಮೈ, ಗೋಡೆಯಂತೆ ನೆಟ್ಟಗಿನ ಮುಂಗಾಜು, ನೆತ್ತಿಯ ಮೇಲೆ ಕಬ್ಬಿಣದ ಕ್ಯಾರಿಯರ್. ಜಾನಕಿಬಾಯಿಯ ಗಂಡ ಆನಂದತೀರ್ಥರು ಒಂದು ಮಧ್ಯಾಹ್ನ ಅದನ್ನು ರಸ್ತೆ ಬದಿಗೆ ನಿಲ್ಲಿಸಿ, ಕೂತಲ್ಲೇ ಎದೆ ಹಿಡಿದುಕೊಂಡು ತೀರಿಹೋಗಿದ್ದರು. ಸಂಗಮೇಶ ಅದು ಗೊತ್ತಿದ್ದೇ ಕೊಂಡಿದ್ದ.

ಜಹೀರಾಬಾದಿನ ಹೆದ್ದಾರಿಯಲ್ಲಿ ವೇಗ ಎಂಬತ್ತು ದಾಟಿದೊಡನೆ ತಲೆಯ ಮೇಲೆ ಯಾರೋ ನರಳಿದಂತಾಯಿತು. ಇನ್ನಷ್ಟು ಓಡಿಸಿದರೆ ಅದು ಅಳುವೇ ಆಯಿತು. ನೂರಹತ್ತಕ್ಕೆ ಬಂದ ಮುಳ್ಳು, ಆಕ್ಸಿಲರೇಟರ್ ಎಷ್ಟು ಒತ್ತಿದರೂ ಮುಂದೆ ಕದಲಲಿಲ್ಲ. ಹಿಂದಿನಿಂದ ಯಾರೋ ಹಿಡಿದು ಜಗ್ಗುತ್ತಿದ್ದ ಹಾಗಿತ್ತು.

“ನಾವು ಓಡಿಸೋದು ತೀರಿಹೋದವರಿಗೆ ಮನಸ್ಸಿಲ್ಲ ಕಾಣ್ತದ,” ಎಂದಳು ಪಕ್ಕದಲ್ಲಿ ಕೂತಿದ್ದ ಹೆಂಡತಿ ವರದಾ. ಅಂದಿನಿಂದ ಅವಳು ಆ ಕಾರು ಹತ್ತಲಿಲ್ಲ. ಸಂಗಮೇಶನೂ ಒಬ್ಬನೇ ಹೋಗುವಾಗ ಕನ್ನಡಿಯಲ್ಲಿ ಹಿಂದಿನ ಸೀಟು ನೋಡುವುದನ್ನು ಬಿಟ್ಟ.

ಕೊನೆಗೆ ಜಹೀರಾಬಾದಿನ ಮೆಕ್ಯಾನಿಕ್ ಮೊಗಲಪ್ಪನಿಗೆ ತೋರಿಸಿದ. ಮೊಗಲಪ್ಪ ಇಂಜಿನ್ ಪೂರ್ತಿ ನೋಡಿ, ತಾನೇ ಓಡಿಸುತ್ತ ಅವನನ್ನು ಖಾಲಿ ರಸ್ತೆಗೆ ಕರೆದೊಯ್ದ.

“ಅಂಗೈ ಗಾಳಿಗೆ ಅಡ್ಡ ಮಾಡಿ ಸ್ವಲ್ಪ ಕಿಟಕಿ ಹೊರಗ ಹಿಡೀರಿ.”

ನಲವತ್ತರಲ್ಲಿ ಗಾಳಿ ಕೈಯನ್ನು ಮೆಲ್ಲಗೆ ತಳ್ಳಿತು. ಎಂಬತ್ತರಲ್ಲಿ ತೋಳು ಹಿಂದಕ್ಕೆ ಹೋಯಿತು. ಅಂಗೈ ಮಲಗಿಸಿದಾಗ ಮಾತ್ರ ಗಾಳಿ ಸರಾಗ ಸರಿಯಿತು.

“ನಿಮ್ಮ ಗಾಡಿ ಅಡ್ಡ ಹಿಡಿದ ಅಂಗೈ ಅದರಿ. ವೇಗ ಎರಡು ಪಟ್ಟಾದ್ರ ಗಾಳಿ ನಾಕು ಪಟ್ಟು ದಬ್ಬತದ. ಹಿಂದ ಸುಳಿ ಎದ್ದು ಜಗ್ಗೋದು ಬ್ಯಾರೆ. ಇಂಜಿನ್ ತಾಕತ್ತೆಲ್ಲ ಅದಕ್ಕೇ ಹೋದ ಮ್ಯಾಲ ಮುಳ್ಳು ನಿಂತುಬಿಡ್ತದ.”

“ಅಳೋದು?”

“ಕ್ಯಾರಿಯರ್ ಸರಳಿನ್ಯಾಗ ಗಾಳಿ ಸೀಟಿ ಹೊಡಿತದ, ಅಷ್ಟೇ.”

ಕ್ಯಾರಿಯರ್ ಬಿಚ್ಚಿದಾಗ ಕಾರಿನ ವೇಗ ಇನ್ನೊಂದಿಷ್ಟು ಏರಿತು. ಅಳು ನಿಂತಿತು. ಸಂಗಮೇಶನಿಗೆ ಸಮಾಧಾನವಾಗಬೇಕಿತ್ತು. ಆದರೆ ಆ ಮೌನದಲ್ಲಿ, ಯಾರನ್ನೋ ದಾರಿಯಲ್ಲಿ ಇಳಿಸಿ ಬಂದ ಹಾಗೆ ಎದೆ ಭಾರವಾಯಿತು. ಕ್ಯಾರಿಯರ್ ಗುಜರಿಗೆ ಹಾಕಲು ಮನಸ್ಸಾಗದೆ ನಾರಾಯಣಖೇಡಕ್ಕೆ ಒಯ್ದು, ಅದರ ಅಳುವಿಗೆ ವರದಾ ಅಂಜಿದ್ದನ್ನೂ ಹೇಳಿದ.

ಜಾನಕಿಬಾಯಿ ಅಂಗಳದಲ್ಲಿ ನಿಂತು ಆ ಕಬ್ಬಿಣವನ್ನು ಸವರಿದಳು.

“ಅವರೇ ಕೂಡಿಸಿದ್ದು. ಊರ ಹೊರಗ ಗಾಡಿ ಕೂಗಿದ್ರ ನಾ ಊಟಕ್ಕ ತಾಟು ಹಾಕ್ತಿದ್ದೆ. ಈಗೂ ಕಿವಿ ಆ ಕಡೀನೇ ಇರ್ತದ.” ಕಬ್ಬಿಣದಿಂದ ಕೈ ತೆಗೆಯದೆ ಕೇಳಿದಳು: “ಒಂದ್ಸಲ ಹಾಕಿ ಓಡಿಸ್ತೀರೇನು?”

ಸಂಗಮೇಶ ಇಲ್ಲವೆನ್ನಲಾರದೆ ಮತ್ತೆ ಬಿಗಿದ. ಅವಳು ಹಿಂದೆ ಕೂತಳು. ದೊಡ್ಡ ರಸ್ತೆಯಲ್ಲಿ ಮುಳ್ಳು ಎಂಬತ್ತು ದಾಟಿತು, ನರಳಿಕೆ ಶುರುವಾಯಿತು.

“ಇಷ್ಟೇ ಇರಲಿ,” ಎಂದಳು.

ಗಾಳಿಯೆಂದು ಈಗ ಅವನಿಗೆ ಚೆನ್ನಾಗಿ ಗೊತ್ತಿತ್ತು. ಆದರೂ ಹಿಂದಿನಿಂದ ಅವಳು ಮೆಲ್ಲಗೆ, “ಅಡಗಿ ಆಗ್ಯಾದ, ಕೈಕಾಲು ತೊಳಕೊಂಡು ಬರ್ರಿ,” ಎಂದಾಗ ಅವನ ತೋಳಿನ ಕೂದಲು ನಿಮಿರಿದವು. ಆ ಮಾತು ತನಗಲ್ಲವೆಂದು ಅವನಿಗೆ ತಿಳಿಯಿತು. ವೇಗ ತಗ್ಗಿಸಲಿಲ್ಲ. ಅವಳು ಸಾಕೆನ್ನುವವರೆಗೆ ಓಡಿಸಿ, ಕಾರು ತಿರುಗಿಸಿದ.

ಮನೆ ಮುಂದೆ ಇಳಿದು ಅವಳು ಕಣ್ಣೊರೆಸಿಕೊಂಡಳು.

“ಇನ್ನ ಬಿಚ್ಚಿಬಿಡ್ರಿ. ನಿಮ್ಮ ಮನಿಯವರು ಅಂಜತಾರ.”

ಸಂಗಮೇಶ ಪಾನಾ ಹಿಡಿದ. ಅವನು ತಿರುವಿ ತೆಗೆದ ನಟ್ಟು ಬೋಲ್ಟುಗಳನ್ನು ಜಾನಕಿಬಾಯಿ ಸೆರಗೊಡ್ಡಿ ಇಸಿದುಕೊಂಡಳು.