ಚುಕ್ಕೆ ಮತ್ತು ಗೀಟು

ನನ್ನ ಯಜಮಾನರು ತೀರಿಕೊಂಡು ಎರಡು ತಿಂಗಳಾಗಿತ್ತು. ಅವರ ನಿಘಂಟು ಅಚ್ಚಿಗೆ ಹೋಗಲು ನಾಲ್ಕು ದಿನವಿರುವಾಗ ಪ್ರಕಾಶಕರ ಕಚೇರಿಯ ಪ್ರೋಗ್ರಾಮರ್ ನನ್ನನ್ನು ಕರೆಸಿ, ಅದರಿಂದ ಮುನ್ನೂರ ಹನ್ನೆರಡು ಪದಗಳನ್ನು ತೆಗೆದುಹಾಕುವುದಾಗಿ ತಿಳಿಸಿದ. ಕೇಳಿದ್ದಲ್ಲ, ತಿಳಿಸಿದ್ದು.

ಆತನ ಮೇಜಿನ ಮೇಲೆ ಎರಡು ಪರದೆಗಳು, ಗೋಡೆಯ ಮೇಲೆ ಚೌಕಟ್ಟು ಹಾಕಿದ ಮೂರು ಪ್ರಮಾಣಪತ್ರಗಳು. ನನಗೆ ಕೂರಲು ಜಾಗವಿರಲಿಲ್ಲ. ಇದ್ದೊಂದು ಕುರ್ಚಿಯಲ್ಲಿ ನಾಲ್ಕನೆಯ ಪ್ರಮಾಣಪತ್ರ ಮೊಳೆಗಾಗಿ ಕಾದು ಕುಳಿತಿತ್ತು. ಪದಗಳೆಲ್ಲ ಕಂಪ್ಯೂಟರಿಗೆ ಏರಿದ ಮೇಲೂ ಯಜಮಾನರು ತಾಳೆ ನೋಡುತ್ತಿದ್ದ ಪದಚೀಟಿಗಳ ಕೊನೆಯ ಪೆಟ್ಟಿಗೆಯನ್ನು ಒಪ್ಪಿಸಲೆಂದು ತಂದಿದ್ದೆ. ಅದನ್ನು ಹಿಡಿದುಕೊಂಡೇ ನಿಂತೆ.

ನಿಘಂಟಿನಲ್ಲಿ ಕೆಲವು ಪದಗಳಿಗೆ ಅರ್ಥ ಕೊಡದೆ 'ಇಂಥ ಪದ ನೋಡಿ' ಎಂದು ಬರೆದಿರುತ್ತದೆ. ಹಾಗೆ ನೋಡುತ್ತ ಹೋದವನು ಎಲ್ಲಾದರೂ ಅರ್ಥವನ್ನು ಮುಟ್ಟಬೇಕು. ಹೊರಟಲ್ಲಿಗೇ ಬಂದರೆ ಅದು ಗಾಣದ ಸುತ್ತು. ಅಂಥ ಸುತ್ತುಗಳನ್ನು ಹಿಡಿಯಲು ಈ ಮಹಾಶಯ ಪ್ರೋಗ್ರಾಂ ಬರೆದಿದ್ದ. ಅದು ಹಿಡಿದವೇ ಆ ಮುನ್ನೂರ ಹನ್ನೆರಡು.

"ಯಜಮಾನರಿಗೆ ವಯಸ್ಸಾಗಿತ್ತಲ್ಲಮ್ಮ. ಕಡೆಕಡೆಗೆ ಮರೆವು," ಎಂದು ನನ್ನನ್ನು ಸಂತೈಸಿದ.

ಒಂದನ್ನು ತೋರಿಸಲು ಹೇಳಿದೆ. 'ತೀರ' ತೋರಿಸಿದ. ಅಲ್ಲಿ 'ದಡ ನೋಡಿ, ಅಂಚು ನೋಡಿ' ಎಂದಿತ್ತು. ದಡದಿಂದ ಹೋದರೂ 'ಮೇರೆ', ಅಂಚಿನಿಂದ ಹೋದರೂ 'ಮೇರೆ'. ಮೇರೆಯಲ್ಲಿ ಅರ್ಥ ಸ್ಪಷ್ಟವಾಗಿಯೇ ಇತ್ತು. ಪ್ರೋಗ್ರಾಂ ಹೊಕ್ಕ ಪದಕ್ಕೆಲ್ಲ ಒಂದು ಗುರುತು ಹಾಕುತ್ತದಂತೆ. ಗುರುತಿರುವ ಪದ ಮತ್ತೆ ಎದುರಾದರೆ ಸುತ್ತು ಎಂದು ಕೂಗುತ್ತದಂತೆ.

"ಮಗಳು ಮುಂದಿನ ಬೀದಿಯಿಂದ ಮನೆಗೆ ಬಂದಳು, ಅಳಿಯ ಹಿಂದಿನ ಬೀದಿಯಿಂದ ಬಂದ. ಇಬ್ಬರೂ ದಾರಿ ತಪ್ಪಿ ಸುತ್ತುತ್ತಿದ್ದಾರೆ ಅಂತೀಯೇನಪ್ಪ?"

ಆತ ಕಾಲು ಗಂಟೆ ಬಾಣಗಳನ್ನು ಬರೆದು ನನಗೆ ಪಾಠ ಹೇಳಿದ. ಸಾವಿರಾರು ಜನ ಹೀಗೆಯೇ ಬರೆಯುತ್ತಾರಂತೆ. ಸಾವಿರಾರು ಜನ ಒಟ್ಟಾಗಿ ಮುಗ್ಗರಿಸಿದರೆ ಅದಕ್ಕೆ ಇವರಲ್ಲಿ ವಿಧಾನವೆಂದು ಹೆಸರು.

ಯಜಮಾನರ ಬಳಿ ಪ್ರಮಾಣಪತ್ರವಿರಲಿಲ್ಲ, ಪೆನ್ಸಿಲ್ ಇತ್ತು. ಪದವನ್ನು ಹೊಕ್ಕಾಗ ಚೀಟಿಯ ಮೂಲೆಗೆ ಒಂದು ಚುಕ್ಕೆ ಇಡುತ್ತಿದ್ದರು. ಅಲ್ಲಿಂದ ಹೊರಡುವ ದಾರಿಗಳನ್ನೆಲ್ಲ ನೋಡಿ ಹಿಂತಿರುಗುವಾಗ ಚುಕ್ಕೆಯ ಮೇಲೆ ಗೀಟು ಎಳೆಯುತ್ತಿದ್ದರು. ಗೀಟು ಬಿದ್ದ ಚೀಟಿ ಮತ್ತೆ ಸಿಕ್ಕರೆ ಭಯವಿಲ್ಲ, ಆ ದಾರಿ ನೋಡಿ ಆಗಿದೆ. ಬರೀ ಚುಕ್ಕೆಯದು ಸಿಕ್ಕರೆ ಮಾತ್ರ ಸುತ್ತು; ಹೊರಟವರು ಹಿಂತಿರುಗುವ ಮೊದಲೇ ಹೊರಟಲ್ಲಿಗೆ ಬಂದು ನಿಂತಂತೆ.

ಇದನ್ನು ಹೇಳಿದಾಗ, ಮುದುಕಿಯ ಮನಸ್ಸು ನೋಯಿಸಬಾರದೆಂಬ ಔದಾರ್ಯದಿಂದ ಆತ ಪ್ರೋಗ್ರಾಮಿಗೆ ಎರಡನೆಯ ಗುರುತು ಸೇರಿಸಿದ. ಮುನ್ನೂರ ಹನ್ನೆರಡು ಹೋಗಿ ಒಂದೇ ಒಂದು ಸುತ್ತು ಉಳಿಯಿತು. ಆತ ಕೆಮ್ಮಿದ. ಆಮೇಲೆ ಆ ಒಂದನ್ನು ನೋಡಿ ಮುಖ ಅರಳಿತು.

"ಆದರೂ ಒಂದಿದೆಯಲ್ಲಮ್ಮ. ತಪ್ಪು ತಪ್ಪೇ."

'ಹಿಡಿಕೆ'ಗೆ ಕಾವು ನೋಡಿ, ಕೊಡಲಿಯ 'ಕಾವು' ಎಂಬುದಕ್ಕೆ ಹಿಡಿ ನೋಡಿ, 'ಹಿಡಿ'ಗೆ ಹಿಡಿಕೆ ನೋಡಿ. ಪೆಟ್ಟಿಗೆಯನ್ನು ಆತನ ಕೀಲಿಮಣೆಯ ಮೇಲೆಯೇ ಇಟ್ಟು ಹುಡುಕಿದೆ. ಮೂರು ಚೀಟಿಗಳೂ ಅದರಲ್ಲಿದ್ದವು. ಮೂರಕ್ಕೂ ಚುಕ್ಕೆಯಿತ್ತು, ಒಂದಕ್ಕೂ ಗೀಟಿರಲಿಲ್ಲ. ತೀರಿಕೊಂಡ ಬೆಳಿಗ್ಗೆ ಅವರು ಮೇಜಿನ ಮೇಲೆ ಒರಗಿದಾಗ ಬೆರಳುಗಳಿಂದ ಪೆನ್ಸಿಲ್ ಬಿಡಿಸಿದವಳು ನಾನೇ.

"ತಪ್ಪಲ್ಲಪ್ಪ. ಹೋದವರು ಇನ್ನೂ ಹಿಂತಿರುಗಿರಲಿಲ್ಲ, ಅಷ್ಟೇ."

ಆತ ಪರದೆಯತ್ತ ಮುಖ ತಿರುಗಿಸಿದ. ನಾನು ದೇವರನ್ನು ನೆನೆದು ಪೆಟ್ಟಿಗೆಯಲ್ಲಿದ್ದ ಅವರ ಪೆನ್ಸಿಲ್ ತೆಗೆದೆ. ಹಿಡಿಕೆಯ ಚೀಟಿಯಲ್ಲಿ 'ಕಾವು ನೋಡಿ' ಎಂಬುದನ್ನು ಹೊಡೆದುಹಾಕಿ, 'ಉಪಕರಣವನ್ನು ಕೈಯಲ್ಲಿ ಹಿಡಿಯುವ ಭಾಗ' ಎಂದು ಬರೆದೆ. ಮೂರು ಚುಕ್ಕೆಗಳ ಮೇಲೂ ಒಂದೊಂದಾಗಿ ಗೀಟು ಎಳೆದು, ತಿದ್ದಿಕೊಳ್ಳಲೆಂದು ಚೀಟಿಗಳನ್ನು ಆತನ ಮುಂದಿಟ್ಟೆ.

ಅಷ್ಟರಲ್ಲಿ ಆತ ಪ್ರಮಾಣಪತ್ರವನ್ನು ಎತ್ತಿ ಕುರ್ಚಿ ಖಾಲಿ ಮಾಡಿದ. ನಾನು ಆಗಲೇ ಬಾಗಿಲಲ್ಲಿದ್ದೆ.