ಮಡಿಸದ ಮಂಡಿ

ಪೆಟ್ಟಿಗೆಯ ಗಾಜಿನ ಮುಚ್ಚಳ ಮತ್ತೆ ಕೂರಲಿಲ್ಲ. ಚನ್ನಪಟ್ಟಣದಿಂದ ಫ್ರೀಜರ್ ತಂದಿದ್ದ ಆಸಾಮಿ ಹೆಗಲ ಮೇಲಿನ ಟವೆಲಿನಿಂದ ಮುಖ ಒರೆಸಿಕೊಂಡು, "ಅಣ್ಣಾ, ನಮ್ ಬಾಕ್ಸು ಎಲ್ಲಾರ್ಗೂ ಆಯ್ತದೆ. ಇವ್ರೊಬ್ರಿಗೇ ಆಯ್ತಿಲ್ಲ. ನಾನೇನ್ ಮಾಡ್ಲಿ?" ಅಂದ.

ಕೊನೆಗೆ ತಲೆಯನ್ನು ಒಂದು ಮೂಲೆಗೂ ಪಾದವನ್ನು ಎದುರು ಮೂಲೆಗೂ ಮಾಡಿ ಚನ್ನಲಿಂಗಪ್ಪನವರನ್ನು ಓರೆಯಾಗಿ ಮಲಗಿಸಿದರು. ಆಗ ಮುಚ್ಚಳ ಕೂತಿತು. ಬದುಕಿದ್ದಾಗ ಬಾಗಿಲು ಕಂಡಲ್ಲೆಲ್ಲ ತಲೆ ಬಗ್ಗಿಸಿದ ಮನುಷ್ಯ, ಸತ್ತ ಮೇಲೂ ಹೊಂದಿಕೊಂಡೇ ಮಲಗಿದರು.

ಗೋಡೆಗೆ ಒರಗಿದ್ದ ಹೆಂಡತಿ ಸರ್ವಮಂಗಳಮ್ಮ ಬೆಳಗಿನ ಜಾವದಿಂದ ಹೇಳುತ್ತಿದ್ದ ಮಾತನ್ನೇ ಮತ್ತೆ ಹೇಳಿದರು. "ಪ್ರಭೂ, ಮೊದ್ಲು ಕೂರುಸ್ರಪ್ಪ. ಮೈ ಬಿಗಿಯಕ್ ಮುಂಚೆ ಕೂರುಸ್ಬುಡಿ."

ಅವರ ಮನೆತನದಲ್ಲಿ ಸತ್ತವರನ್ನು ಮಲಗಿಸುವುದಿಲ್ಲ. ಉಸಿರು ನಿಂತ ಗಳಿಗೆಯಲ್ಲೇ ಮೈ ತೊಳೆದು, ವಿಭೂತಿ ಹಚ್ಚಿ, ಕಾಲು ಮಡಿಸಿ, ಗೋಡೆಗೆ ಒರಗಿಸಿ ಕೂರಿಸುತ್ತಾರೆ. ಎಡಗೈಯಲ್ಲಿ ಲಿಂಗ ಇಡುತ್ತಾರೆ. ಕೂತವರನ್ನು ಹಾಗೇ ಹೂವಿನ ವಿಮಾನದಲ್ಲಿಟ್ಟು ಹೊತ್ತುಕೊಂಡು ಹೋಗಿ, ಗುಂಡಿಯ ಗೋಡೆಯಲ್ಲಿ ಕೊರೆದ ಗೂಡಿನೊಳಗೆ ಹಾಗೇ ಕೂರಿಸಿ ಮಣ್ಣು ಮಾಡುತ್ತಾರೆ. ಅಕ್ಕೂರಿನಲ್ಲಿ ಇದು ಯಾರಿಗೆ ತಾನೇ ಗೊತ್ತಿಲ್ಲ? ಪ್ರಭುಲಿಂಗನಿಗೂ ಗೊತ್ತಿತ್ತು.

"ಅವ್ವ, ಬ್ಯಾಸ್ಕೆಟ್‌ಬಾಲ್ ಅಸೋಸಿಯೇಷನ್ನೋರು ಬತ್ತಾವ್ರೆ. ಅಪ್ಪ ಇಂಡಿಯಾಕ್ಕೆ ಆಡಿದ್ರಲ್ಲ, ಬಾವುಟ ಹೊದಿಸ್ತಾರಂತೆ," ಅಂದ ಅವನು. ಚನ್ನಪಟ್ಟಣದಲ್ಲಿ ಹಾರ್ಡ್‌ವೇರ್ ಅಂಗಡಿ ಇಟ್ಟುಕೊಂಡಿದ್ದ ಮಗ, ಒಳ್ಳೆಯವನೇ. ಬೆಳಗಿನಿಂದ ಫೋನು ಕಿವಿಯಿಂದ ಇಳಿದಿರಲಿಲ್ಲ. "ಮಲ್ಗಿದ್ರೆ ತಾನೆ ಹೊದ್ಸಕ್ಕಾಗದು? ಕೂತಿರೋರ್ ಮೇಲೆ ಬಾವುಟ ಹೆಂಗವ್ವ ಹೊದಿಸ್ತಾರೆ? ಒಸಿ ತಡ್ಕೊ. ಅವ್ರು ಬಂದು ಹೋದೇಟ್ಗೆ ಕೂರುಸ್ಬುಡಾವ."

ಸುಳ್ಳೇಕೆ ಹೇಳಬೇಕು, ಸರ್ವಮಂಗಳಮ್ಮನಿಗೂ ಒಳಗೊಳಗೆ ಆಸೆಯಿತ್ತು. ಯಾರೂ ತಿರುಗಿ ನೋಡದ ಈ ಮನುಷ್ಯನ ಮೇಲೆ ಒಂದು ಗಳಿಗೆ ಬಾವುಟ ಬಿದ್ದರೆ ಬೀಳಲಿ ಅನ್ನಿಸಿತ್ತು. ಆ ಆಸೆಯೇ ಬಾಯಿ ಕಟ್ಟಿಹಾಕಿತು.

ಗಂಗಯ್ಯ ಹಗ್ಗದ ತುಂಡು ಹಿಡಿದು ಒಳಗೆ ಬಂದ. ಗುಂಡಿ ತೆಗೆಯುವವನು ಸತ್ತವರ ಪಾದದ ಅಳತೆಯನ್ನೇ ಹಿಡಿದು ತೆಗೆಯಬೇಕು. ಉದ್ದ ಅಗಲವೆಲ್ಲ ಆ ಪಾದದ ಲೆಕ್ಕದಲ್ಲೇ. ಮುಚ್ಚಳ ಎತ್ತಿಸಿ, ಹಿಮ್ಮಡಿಯಿಂದ ಹೆಬ್ಬೆರಳಿನವರೆಗೆ ಹಗ್ಗ ಹಿಡಿದವನು, "ಅಯ್ಯೋ ಶಿವ್ನೇ, ಇದೇನ್ ಪಾದವೋ ನೇಗ್ಲೋ! ಇವ್ರ ಲೆಕ್ಕುಕ್ಕೆ ತೆಗುದ್ರೆ ಹಿಪ್ಪುನೇರಳೆ ಎರಡ್ ಸಾಲು ಹೋಯ್ತದೆ ಕಣವ್ವ," ಅಂದ.

"ಹೋಗ್ಲಿ ತೆಗಿ ಗಂಗಯ್ಯ. ಅವ್ರದ್ದೇ ತೋಟ," ಅಂದರು ಸರ್ವಮಂಗಳಮ್ಮ.

ಹೊರಗೆ ಗೇಟಿಗೆ ಫ್ಲೆಕ್ಸ್ ಕಟ್ಟಿದ್ದರು. ಅದರ ತುಂಬ ಯಾರೋ ಪರದೇಶದ ಆಟಗಾರ ರಿಂಗಿಗೆ ಜೋತುಬಿದ್ದಿದ್ದ. ಕೆಳಗೆ ಮೂಲೆಯಲ್ಲಿ ಓಟಿನ ಕಾರ್ಡಿನಿಂದ ತೆಗೆದ ಚನ್ನಲಿಂಗಪ್ಪನವರ ಮುಖ. 'ಜಪಾನ್ ತಂಡವನ್ನು ಮಣಿಸಿದ ಅಕ್ಕೂರಿನ ಹುಲಿ' ಎಂದು ಬರೆದಿತ್ತು. ಅದರ ಕೆಳಗೆ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡ ಗಂಡಸರ ಮಾತು ಕಿಟಕಿಯಿಂದ ಒಳಗೆ ಬರುತ್ತಿತ್ತು.

"ಒಬ್ರೇ ನಲವತ್ ಪಾಯಿಂಟ್ ಹಾಕುದ್ರಂತೆ ಕಣ್ಲಾ."

"ಅದ್ಕೇ ಅಲ್ವೇನ್ಲಾ ಜಪಾನ್ನೋರು ಹೊಟ್ಟೆಕಿಚ್ಗೆ ಮಂಡಿಗೇ ಒದ್ದಿದ್ದು! ಇಲ್ದಿದ್ರೆ ಕಪ್ಪು ನಮ್ದೇಯ."

"ನಮ್ ರಾಮನಗರದ ರೇಷ್ಮೆಗೂಡಿನ್ ಮಾರ್ಕೆಟ್ಟಲ್ಲಿ ಗುಮಾಸ್ತ್ರಾಗಿದ್ರಲ್ಲ, ಒಂದ್ ದಿನ ಬಾಯ್ಬುಟ್ಟು ಹೇಳ್ಕೊಂಡೋರಲ್ಲ ನೋಡು. ದೊಡ್ಡೋರು."

ಹೇಳಿಕೊಳ್ಳಲು ಏನಿತ್ತು ಎನ್ನುವುದು ಸರ್ವಮಂಗಳಮ್ಮನಿಗೆ ಗೊತ್ತಿತ್ತು. ಎದ್ದು ಹೋಗಿ, ಅದೆಲ್ಲ ಸುಳ್ಳು ಕಣ್ರಪ್ಪ ಅನ್ನಲೇ? ಹೆಣ ಮನೆಯಲ್ಲಿಟ್ಟುಕೊಂಡು ಗಂಡನನ್ನು ಸಣ್ಣವನನ್ನಾಗಿ ಮಾಡುವುದುಂಟೇ! ಸೆರಗು ಬಾಯಿಗೆ ಒತ್ತಿಕೊಂಡರು.

*

ಮದುವೆಯಾದ ಹೊಸತರಲ್ಲಿ ಅವರು ಗಂಡನನ್ನು ಸೊಕ್ಕಿನ ಮನುಷ್ಯ ಅಂದುಕೊಂಡಿದ್ದರು. ಮನೆಗೆ ಯಾರೇ ಬರಲಿ, ಮಠದ ಅಯ್ಯನವರೇ ಬರಲಿ, ಜಗುಲಿಯ ಮೇಲೆ ಬಲಗಾಲನ್ನು ಉದ್ದಕ್ಕೆ ಚಾಚಿಕೊಂಡೇ ಕೂತಿರುತ್ತಿದ್ದರು. ಊಟಕ್ಕೂ ಹಾಗೇ, ಲಿಂಗಪೂಜೆಗೂ ಹಾಗೇ. ಅತ್ತೆ ಗೊಣಗುತ್ತಿದ್ದರು, ಇವರು ನಗುತ್ತಿದ್ದರು.

ಒಂದು ಮಧ್ಯಾಹ್ನ ಹರಳೆಣ್ಣೆ ಬಿಸಿ ಮಾಡಿ ಆ ಮಂಡಿಗೆ ತಿಕ್ಕುವಾಗ ಸರ್ವಮಂಗಳಮ್ಮ ಕೇಳಿಯೇ ಬಿಟ್ಟರು. "ಜಪಾನ್ನೋರು ಒದ್ರಂತೆ, ನಿಜ್ವಾ?"

"ಯಾರೆ ಒದ್ದೋರು? ನನ್ನ ಅವ್ರು ನೋಡೂ ಇರ್ಲಿಲ್ಲ ಕಣೆ," ಅಂದರು ಚನ್ನಲಿಂಗಪ್ಪ.

ಆಮೇಲೆ ಹೇಳಿದರು. ಕೌಲಾಲಂಪುರ. ಏಷ್ಯಾದ ದೇಶಗಳೆಲ್ಲ ಸೇರಿದ್ದ ಪಂದ್ಯಾವಳಿ. ತಂಡದ ಹನ್ನೆರಡು ಜನರಲ್ಲಿ ಇವರು ಹನ್ನೆರಡನೆಯವರು. ಹಡಗಿನಲ್ಲಿ ವಾಂತಿ ಮಾಡಿಕೊಂಡು ಹೋಗಿ ಇಳಿದದ್ದು, ದರ್ಜಿ ಹೊಲಿದ ಕೋಟಿನ ತೋಳು ಮೊಳಕೈಗೇ ನಿಂತಿದ್ದು, ಎಲ್ಲವನ್ನೂ ನಗುತ್ತಲೇ ಹೇಳಿದರು. ಪಂದ್ಯದ ಮೇಲೆ ಪಂದ್ಯ ಮುಗಿದವು. ಕೋಚು ಮಿಲಿಟರಿಯವನು, ಇವರ ಕಡೆ ಕತ್ತು ಹೊರಳಿಸಲಿಲ್ಲ.

"ಎದೆ ಮೇಲೆ ಇಂಡಿಯಾ ಅಂತ ಬರ್ಕೊಂಡು ಬೆಂಚಿನ್ ತುದೀಲಿ ಕೂತಿದ್ದೆ. ಅಲ್ಲಿ ಕೂತೋನು ಒಂದ್ ಕಾಲ್ನ ಮುಂದಕ್ ಇಟ್ಕೊಂಡಿರ್ಬೇಕು ಕಣೆ. ಕರೆದೇಟ್ಗೆ ಎದ್ಬುಡಕ್ಕೆ. ದಿನಾ ಹಂಗೇ ಇಟ್ಕೊಂಡಿದ್ದೆ."

"ಕರೀಲೇ ಇಲ್ವಾ?"

"ಕರುದ್ರು. ಕೊನೇ ಆಟ, ಜಪಾನ್ ಮೇಲೆ. ಸೋತಾಗಿತ್ತು ಬುಡು. ಇನ್ನೊಂದೆರಡ್ ನಿಮಿಷ ಇರ್ಬೇಕು, ಕೋಚು ಕೈ ಬೀಸ್ದ. ಓಡ್ದೆ. ಕೂತೂ ಕೂತೂ ಕಾಲು ಕೊರಡಾಗಿತ್ತು. ಚೆಂಡು ಹಲಗೆಗೆ ತಾಗಿ ಮೇಲಕ್ ಹಾರ್ತು. ನಾನೂ ಹಾರ್ದೆ."

"ಸಿಕ್ತಾ?"

"ಸಿಕ್ತು ಕಣೆ. ಎರಡೂ ಕೈಲಿ ಗಟ್ಯಾಗ್ ಹಿಡ್ಕೊಂಡೆ." ಅವರ ಕೈಗಳು ತಾವಾಗಿಯೇ ಮೇಲೆದ್ದು ಗಾಳಿಯಲ್ಲಿ ದುಂಡಗಾದವು. "ಕೆಳಕ್ ಬರೋ ಹೊತ್ಗೆ ಕಾಲು ನಂದಾಗಿರ್ಲಿಲ್ಲ. ಹೊತ್ಕೊಂಡ್ ಬಂದು ಅದೇ ಬೆಂಚ್ ಮೇಲೇ ಹಾಕುದ್ರು."

ಬೆಂಗಳೂರಿನಲ್ಲಿ ಪ್ಲಾಸ್ಟರಿನ ಹಿಟ್ಟಿನ ಕಟ್ಟು ಹಾಕಿದರು. ಕಟ್ಟು ಬಿಚ್ಚಿದ ಮೇಲೆ ಮಂಡಿ ಒಂದು ಗೇಣಿನಷ್ಟು ಬಾಗುತ್ತಿತ್ತು, ಅದಕ್ಕಿಂತ ಹೆಚ್ಚಿಗೆ ಬಾಗಲಿಲ್ಲ. ಕೈ ಬಿಟ್ಟರೆ ಮತ್ತೆ ನೆಟ್ಟಗೆ ಮುಂದಕ್ಕೆ ಬರುತ್ತಿತ್ತು.

"ನೋಡು, ಬೆಂಚ್ ಮೇಲ್ ಇಟ್ಕೊಂಡಿದ್ದಂಗೇ ನಿಂತ್ಬುಡ್ತು," ಅಂದು ಚನ್ನಲಿಂಗಪ್ಪ ನಕ್ಕರು. ಸರ್ವಮಂಗಳಮ್ಮನಿಗೆ ನಗು ಬರಲಿಲ್ಲ. ಆವತ್ತಿನಿಂದ ಒಂದು ದಿನವೂ ತಪ್ಪಿಸದೆ ಆ ಮಂಡಿಗೆ ಎಣ್ಣೆ ತಿಕ್ಕಿದರು.

*

ಹನ್ನೊಂದಕ್ಕೆ ಬರುತ್ತೇವೆ ಅಂದವರು ಊಟದ ಹೊತ್ತಿಗೂ ಬರಲಿಲ್ಲ. ಮೊದಲು ಕೆಂಗೇರಿ ಅಂದರು, ಆಮೇಲೆ ಬಿಡದಿ ಅಂದರು, ಆಮೇಲೆ ಫೋನೇ ಎತ್ತಲಿಲ್ಲ. ಬಿಸಿಲು ಇಳಿಯತೊಡಗಿತು. ಕ್ರಿಯೆ ಮಾಡಿಸಲು ಬಂದಿದ್ದ ಅಯ್ಯನವರು ಪಂಚೆ ಕೊಡವಿಕೊಂಡು ಎದ್ದರು.

"ಹೊತ್ತು ಮುಳುಗಕ್ ಮುಂಚೆ ಮುಗೀಬೇಕು. ಬಾವುಟ್ದೋರಿಗೆ ಕಾಯ್ಕೊಂಡು ಶಿವನ್ನ ಕಾಯ್ಸಕ್ಕಾದದ?"

ಪೆಟ್ಟಿಗೆ ತೆರೆದರು. ಸರ್ವಮಂಗಳಮ್ಮ ಹೆದರಿದ್ದೇ ಆಗಿತ್ತು. ಮೈ ಹಲಗೆಯಾಗಿತ್ತು. ಭುಜ ಹಿಡಿದು ಎತ್ತಿದರೆ ಹಿಮ್ಮಡಿಯೂ ಜೊತೆಗೇ ಎದ್ದಿತು.

"ಬಿಸ್ನೀರ್ ತಗಂಬನ್ನಿ!" ಎಂದು ಕೂಗಿದ ರುದ್ರಪ್ರಸಾದ್. ಸರ್ವಮಂಗಳಮ್ಮನ ತಮ್ಮ, ಯಾವ ಮನೆಯ ಸಾವಾದರೂ ತಾನೇ ಮುಂದೆ ನಿಲ್ಲಬೇಕೆನ್ನುವವನು. ಹಂಡೆಗಟ್ಟಲೆ ನೀರು ಸುರಿದು, ಉಜ್ಜಿ, ತಿಕ್ಕಿ, ಅಂತೂ ಸೊಂಟ ಬಾಗಿಸಿದರು. ಎಡಗಾಲು ಮಡಿಸಿದರು. ಬಲಗಾಲು ಮಾತ್ರ ಜಪ್ಪಯ್ಯ ಅನ್ನಲಿಲ್ಲ.

"ಅದು ಬಾಗಕಿಲ್ಲ ಮಾವ. ಅಪ್ಪನ ಆ ಮಂಡಿ ನಾನ್ ಹುಟ್ಟಕ್ ಮುಂಚಿಂದ್ಲೂ ಹಂಗೇ," ಅಂದ ಪ್ರಭುಲಿಂಗ. ಅವನ ದನಿ ಅಷ್ಟು ಹೊತ್ತಿಗೆ ಸೋತುಹೋಗಿತ್ತು.

"ಕಾಲ್ ಚಾಚ್ಕೊಂಡ್ ಕೂರ್ಸಕ್ಕಾದದೇನಪ್ಪ? ಪದ್ಮಾಸನ ಆಗ್ಬೇಕು," ಅಂದರು ಅಯ್ಯನವರು.

ರುದ್ರಪ್ರಸಾದ್ ಸುತ್ತ ನೋಡಿದ. ಮೂಲೆಯಲ್ಲಿ ಒನಕೆ ಇತ್ತು. "ಮಂಡಿ ಮೇಲೆ ಒಂದೇ ಒಂದ್ ಏಟು. ಆಮೇಲ್ ಬಾಗ್ತದೆ."

ಸರ್ವಮಂಗಳಮ್ಮ ಎದ್ದು ಹೇಗೆ ಬಂದರೋ, ತಮ್ಮನ ರಟ್ಟೆ ಹಿಡಿದಿದ್ದರು. "ಬ್ಯಾಡ ಕಣೋ ಪ್ರಸಾದ. ನಿನ್ ದಮ್ಮಯ್ಯ. ಏನಾರ ಮಾಡು, ಆ ಮಂಡಿ ಮಾತ್ರ ಮುರೀಬ್ಯಾಡ."

"ಅಕ್ಕ, ಸತ್ತೋರ್ಗೆ ನೋವು ಐತಾ?"

"ನಂಗೈತಲ್ಲೋ!"

ಹೆಂಗಸರು ಬಂದು, ಬಾರಕ್ಕ, ನೀನ್ ಇಲ್ಲಿರಬ್ಯಾಡ ಎಂದು ಎರಡೂ ತೋಳು ಹಿಡಿದು ಕರೆದುಕೊಂಡು ಹೋದರು. ಬಾಗಿಲು ಹಾಕಿಕೊಂಡಿತು. ಮುಚ್ಚುವ ಮೊದಲು ಕಂಡದ್ದು ಅನಂತರಾಜುವಿನ ಬೆನ್ನು. ರಾಮನಗರದ ಹೈಸ್ಕೂಲಿನಲ್ಲಿ ಪೀಟಿ ಮೇಷ್ಟ್ರಾಗಿ ರಿಟೈರಾದವನು, ಚನ್ನಲಿಂಗಪ್ಪನವರ ಕೈಯಲ್ಲಿ ಆಟ ಕಲಿತವನು. ಮೊದಲಿಂದಲೂ ಗುರುವಿನ ಪಾದದ ಹತ್ತಿರ ಕೂತಿದ್ದ.

ಸರ್ವಮಂಗಳಮ್ಮ ಅಡುಗೆಮನೆಯ ನೆಲದಲ್ಲಿ ಕುಕ್ಕರಿಸಿದರು. ಕಿವಿಯೆಲ್ಲ ಆ ಬಾಗಿಲ ಕಡೆ. ಎಳೆದಾಟದ ಸದ್ದು, ಯಾರದೋ ಏದುಸಿರು, ರುದ್ರಪ್ರಸಾದನ ಗದರು. ಆಮೇಲೆ ಒಂದು ಏಟು. ಮರಕ್ಕೆ ಬಿದ್ದ ಹಾಗೆ, ಇಲ್ಲ, ಮೂಳೆಗೆ ಬಿದ್ದ ಹಾಗೆ. ಮತ್ತೊಂದು ಏಟು. ಅವರ ಕೈ ತನ್ನಷ್ಟಕ್ಕೆ ಹೋಗಿ ತಮ್ಮದೇ ಬಲ ಮಂಡಿಯನ್ನು ಮುಚ್ಚಿಕೊಂಡಿತು.

ಬಾಗಿಲು ತೆರೆದಾಗ ಚನ್ನಲಿಂಗಪ್ಪ ವಿಮಾನದಲ್ಲಿ ಕೂತಿದ್ದರು. ಬೆನ್ನಿಗೆ ಹಲಗೆ, ಹಣೆಗೆ ವಿಭೂತಿ, ಕೊರಳ ತುಂಬ ಸೇವಂತಿಗೆ. ಸೊಂಟದಿಂದ ಕೆಳಕ್ಕೆ ರೇಷ್ಮೆ ಶಲ್ಯ ಹೊದಿಸಿದ್ದರು. ಅದರಡಿಯಲ್ಲಿ ಎರಡೂ ಕಾಲು ಮಡಿಸಿದಂತೆ ದುಂಡಗೆ ಕಾಣುತ್ತಿತ್ತು.

"ನೋಡ್ರವ್ವ, ಎಷ್ಟ್ ಲಕ್ಷಣ್ವಾಗ್ ಕೂತವ್ರೆ!" ಅಂದಳು ಯಾರೋ ಹೆಂಗಸು.

ಸರ್ವಮಂಗಳಮ್ಮ ನೋಡಿದರು. ಈ ಮನುಷ್ಯ ಇಷ್ಟು ಲಕ್ಷಣವಾಗಿ ಕೂತದ್ದನ್ನು ಅವರು ಒಂದು ದಿನವೂ ಕಂಡಿರಲಿಲ್ಲ. ಗುರುತೇ ಸಿಗಲಿಲ್ಲ. ಶಲ್ಯದ ಅಂಚಿಗೆ ಕೈ ಹಾಕಿದರು. "ಅಕ್ಕ, ಮುಟ್ಬ್ಯಾಡ. ಪೂಜೆ ಆಗೈತೆ," ಎಂದು ರುದ್ರಪ್ರಸಾದ್ ಅವರ ಕೈ ಸರಿಸಿದ. ಅನಂತರಾಜುವಿನ ಮುಖ ನೋಡಿದರು. ಅವನು ತಲೆ ತಗ್ಗಿಸಿದ. ಮುರಿದರೋ ಇಲ್ಲವೋ, ಯಾರನ್ನು ಕೇಳುವುದು? ಕೇಳಿದರೆ ಯಾರು ನಿಜ ಹೇಳುತ್ತಾರೆ?

ತೋಟ ಮನೆಯ ಹಿಂದೆಯೇ. ಆದರೂ ಊರು ಸುತ್ತಿಸಿಕೊಂಡೇ ಹೊರಟರು. ಅಷ್ಟೆತ್ತರದ ಮನುಷ್ಯನಿಗೆ ವಿಮಾನದ ಕಮಾನು ಸಾಲದೆ, ಹೂವಿನ ಸರಗಳು ತಲೆಗೆ ತಾಗುತ್ತಿದ್ದವು. ಕರೆಂಟಿನ ತಂತಿ ಬಂದಲ್ಲೆಲ್ಲ ಹೊತ್ತವರು ಮೊಣಕಾಲು ಬಗ್ಗಿಸಬೇಕಾಯಿತು. ಹಿಂದೆ ನಡೆಯುತ್ತಿದ್ದ ಸರ್ವಮಂಗಳಮ್ಮನ ಕಣ್ಣು ಆ ಶಲ್ಯದ ಮೇಲಿಂದ ಅಲುಗಲಿಲ್ಲ. ಅಳು ಬರಲಿಲ್ಲ. ಒಂದು ಮಂಡಿಯನ್ನು ಕಾಪಾಡಲು ಆಗಲಿಲ್ಲವಲ್ಲ ನನ್ನ ಕೈಲಿ ಎನ್ನುವುದೊಂದೇ ಎದೆಯಲ್ಲಿ ಕುದಿಯುತ್ತಿತ್ತು.

ಗುಂಡಿ ದೊಡ್ಡದಾಗಿತ್ತು. ಗಂಗಯ್ಯ ಅಳತೆ ತಪ್ಪಿರಲಿಲ್ಲ. ಕೆಳಗಿಳಿದು, ಮೇಲಿನವರು ಹಲಗೆ ಸಮೇತ ಇಳಿಸಿದ ದೇಹವನ್ನು ತಬ್ಬಿ ಹಿಡಿದು, ಗೂಡಿನೊಳಗೆ ಒರಗಿಸಿದ. ಅಯ್ಯನವರು ಎಡ ಅಂಗೈಗೆ ಲಿಂಗ ಇಡಿಸಿದರು.

"ಕಟ್ಟು ಬಿಚ್ಚು ಗಂಗಯ್ಯ. ಮೈ ಮೇಲೆ ಗಂಟು ಇರಂಗಿಲ್ಲ," ಅಂದರು.

ಗಂಗಯ್ಯ ಶಲ್ಯ ತೆಗೆದ. ಬಲಗಾಲಿಗೆ ಪಂಚೆ ಹರಿದು ಕಟ್ಟು ಬಿಗಿದು, ಕಾಲನ್ನು ಪಕ್ಕಕ್ಕೆ ಜಗ್ಗಿ, ಬೆನ್ನ ಹಿಂದಿನ ಹಲಗೆಗೆ ಹೊಡೆದ ಎರಡು ಗೂಟಗಳಿಗೆ ಕಟ್ಟಿದ್ದರು. ಕುಡುಗೋಲು ಆಡಿಸಿದ. ಒಂದು ಕಟ್ಟು ಹೋಯಿತು, ಇನ್ನೊಂದು ಹೋಯಿತು. ಆ ಕಾಲು ನಿಧಾನವಾಗಿ, ಯಾರೂ ಮುಟ್ಟದೆಯೇ, ಮುಂದಕ್ಕೆ ಬಂತು. ಗೂಡಿನಿಂದ ಹೊರಗೆ ಚಾಚಿ, ಗುಂಡಿಯ ನಡುವೆ ಹಿಮ್ಮಡಿ ಊರಿ ನಿಂತಿತು.

ಮೇಲೆ ನಿಂತಿದ್ದವರು ಗುಂಡಿಯ ಅಂಚಿಗೆ ಒತ್ತಿಕೊಂಡು ಬಂದರು.

"ಮುರೀಲಿಲ್ಲ ಕಣಮ್ಮ," ಎಂದು ಪಕ್ಕದಲ್ಲಿ ಅನಂತರಾಜು ಮೆಲ್ಲಗೆ ಅಂದ. "ಒನಕೆ ಕಿತ್ಕೊಂಡೆ. ಹೊಡುದ್ರಲ್ಲ, ಅದು ಗೂಟ. ಎಲ್ಲಾರ್ ಮುಂದೆ ಹೇಳಕ್ಕಾಗ್ಲಿಲ್ಲ."

"ಏಯ್, ಒಳುಕ್ ತಳ್ಳು ಅದ್ನ! ಹಿಂದಕ್ ಮಡ್ಸು!" ರುದ್ರಪ್ರಸಾದ್ ಕೂಗಿದ.

ಗಂಗಯ್ಯ ಆ ಪಾದವನ್ನು ಕೈಯಲ್ಲಿ ಹಿಡಿದುಕೊಂಡು ಮೇಲೆ ನೋಡಿದ. "ಅಮ್ಮಾರೇ, ಏನ್ ಮಾಡ್ಲಿ?"

ಬೆಳಗಿನಿಂದ ಯಾರೂ ಕೇಳದಿದ್ದ ಮಾತು. "ಬುಡು ಗಂಗಯ್ಯ. ಅವ್ರು ಕೂರೋದೇ ಹಂಗೆ," ಅಂದರು ಸರ್ವಮಂಗಳಮ್ಮ.

ಅಯ್ಯನವರು ಮುಳುಗುತ್ತಿದ್ದ ಹೊತ್ತನ್ನು ನೋಡಿದರು, ಕಾಲನ್ನು ನೋಡಿದರು, ಬಿಲ್ವಪತ್ರೆ ಹಾಕಿದರು. ಆಮೇಲೆ ವಿಭೂತಿ, ಆಮೇಲೆ ಮೊದಲ ಹಿಡಿ ಮಣ್ಣು. ಸುತ್ತ ನಿಂತವರೆಲ್ಲ ಮಣ್ಣು ಹಾಕತೊಡಗಿದರು. ಗಂಗಯ್ಯ ಮೇಲೆ ಹತ್ತಿ ಗುದ್ದಲಿ ಹಿಡಿದ.

ಪ್ರಭುಲಿಂಗನ ಜೇಬಿನಲ್ಲಿ ಫೋನು ಕೂಗಿತು. ಮಣ್ಣಾದ ಕೈಯಲ್ಲೇ ಕಿವಿಗೆ ಹಿಡಿದ. ಅತ್ತಲಿಂದ ಯಾರೋ ಜೋರಾಗಿ, "ಸಾರ್, ಚನ್ನಪಟ್ಟಣ ಬಂದ್ವಿ ಸಾರ್. ಬಾವುಟ ತಂದಿದೀವಿ. ಒಸಿ ಕಾಯ್ರಿ ಸಾರ್, ಬಂದ್ಬುಟ್ವಿ," ಅನ್ನುತ್ತಿದ್ದುದು ಎಲ್ಲರಿಗೂ ಕೇಳಿಸಿತು.

"ಒಸಿ... ಒಸಿ ತಡೀರಿ," ಅಂದ ಪ್ರಭುಲಿಂಗ, ಯಾರಿಗೆ ಹೇಳಿದನೋ. ಬಿದ್ದ ಮಣ್ಣನ್ನು ತಡೆಯುವುದು ಹೇಗೆ? ಗೂಡಿನೊಳಗೆ ಮೊದಲು ತುಂಬಿದ ಮಣ್ಣಿನಲ್ಲಿ ಮುಖ ಆಗಲೇ ಮುಚ್ಚಿಹೋಗಿತ್ತು, ಎದೆಯೂ ಮುಚ್ಚಿತ್ತು. ಗಂಗಯ್ಯ ಮಾತ್ರ ಚಾಚಿದ ಕಾಲಿನ ಮೇಲೆ ಹಾಕಲು ಮನಸ್ಸು ಬಾರದೆ ಸುತ್ತ ಸುತ್ತ ಹಾಕುತ್ತಿದ್ದ. ಸರ್ವಮಂಗಳಮ್ಮ ಬಗ್ಗಿ ನೋಡಿದರು. ಮಣ್ಣಿನ ನಡುವೆ ಆ ದೊಡ್ಡ ಪಾದವೊಂದೇ, ಹಿಮ್ಮಡಿ ಊರಿಕೊಂಡು, ಬೆರಳು ಮೇಲೆ ಮಾಡಿಕೊಂಡು, ಕರೆದರೆ ಏಳಲು ಇನ್ನೂ ತಯಾರಾಗಿತ್ತು.